ಹಳೆಯ ಸಿಪಾಯಿ ಬೂಟಿನ ವಯಸ್ಸು

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹಾದಿಯ ಬದುಗಳಲ್ಲಿಯೂ, ಮಾಲೂರು ಶ್ರೀನಿವಾಸಪುರಗಳ ಬೀಳುಭೂಮಿಯಲ್ಲಿಯೂ ಹಳದಿ ಹೂ ಬಿಡುವ ತಂಗಡಿಯ ಗಿಡವನ್ನು ನೋಡದವರಾರು? ಈ ಗಿಡಕ್ಕೂ ಮಹಾಯುದ್ಧದ ಸಿಪಾಯಿಯ ಬೂಟಿಗೂ ನಂಟುಂಟೆಂದರೆ ವಾಚಕರಿಗೆ ಅಚ್ಚರಿಯಾದೀತು.

ತಂಗಡಿಯ ತೊಗಟೆಯಲ್ಲಿ ನೂರಕ್ಕೆ ಸುಮಾರು 18 ಪಾಲು ಟ್ಯಾನಿನ್ ಎಂಬ ಒಗರು ವಸ್ತುವಿದೆ. ಇದು ಹಸಿ ತೊಗಲಿನ ಪ್ರೋಟೀನಿನ ಎಳೆಗಳನ್ನು ಒಂದರೊಡನೊಂದು ಬಿಗಿಯುವುದರಿಂದ ತೊಗಲು ಕೊಳೆಯದೆ ಚರ್ಮವಾಗುತ್ತದೆ. ತಂಗಡಿಯಲ್ಲಿ ಹದಗೊಂಡ ಚರ್ಮ ಬಿಸಿಲಿಗೆ ಕೆಂಪಾಗುವುದೊಂದು ದೋಷ. ಅದನ್ನು ತಡೆಯಲು ಕಡೆಯಲ್ಲಿ ಅಳಲೆಕಾಯಿಯ ನೀರಿನಲ್ಲಿ ನೆನೆಸುತ್ತಿದ್ದರು. ದಕ್ಷಿಣ ಭಾರತದ ಈ ಚರ್ಮ ಮದರಾಸಿನಿಂದ ಇಂಗ್ಲೆಂಡಿಗೆ ಹಡಗೇರುತ್ತಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಬೂಟಿನ ಮೇಲ್ಭಾಗಕ್ಕೆ ಅದು ಎಷ್ಟು ಬೇಕಾಯಿತೆಂದರೆ, 1916ರಲ್ಲಿ ಸರ್ಕಾರವೇ ಅದರ ವ್ಯಾಪಾರವನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು.

ಈಗ ನಿಮ್ಮ ಮನೆಯ ಅಟ್ಟದಲ್ಲಿ ಒಂದು ಜೊತೆ ಬೂಟು ದೊರೆಯಿತೆನ್ನಿ. ಮುತ್ತಜ್ಜ 1918ರಲ್ಲಿ ಹೈಫಾದಲ್ಲಿ ತೊಟ್ಟದ್ದು ಇದೇ ಎಂದು ಹಿರಿಯರು ಹೇಳುತ್ತಾರೆ. ಮೈಸೂರಿನ ಅಶ್ವದಳ ಅಲ್ಲಿ ಹೋರಾಡಿದ್ದು ದಿಟ. ಆದರೆ ಬೂಟು ಏನು ಹೇಳುತ್ತದೆ?

ಮೊದಲು ಅದನ್ನು ಮಗುಚಿ ನೋಡೋಣ. ಹಿಮ್ಮಡಿಗೆ ಮುಂದಿನ ಅಟ್ಟೆಯ ಭಾಗ ನೆಲಕ್ಕೆ ತಾಗದೆ ಸವೆಯದುಳಿಯುತ್ತದೆ. ಅಳತೆ, ತಯಾರಕರ ಹೆಸರು, ಇಸವಿಗಳ ಮುದ್ರೆಯನ್ನು ಹುಡುಕಬೇಕಾದುದು ಅಲ್ಲಿಯೇ. ಅಗಲ ಬಾಣದ ಗುರುತು ಸರ್ಕಾರದ ಸ್ವತ್ತೆಂಬುದರ ಸೂಚನೆ. ಬಾಣದ ಜೊತೆಗೆ ‘ಐ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಭಾರತದ್ದು. ಬಾಣವು ‘ಸಿ’ ಅಕ್ಷರದ ಒಳಗಿದ್ದರೆ ಕೆನಡಾದ್ದು. ಅಟ್ಟೆಯ ಮೊಳೆಗಳೂ ಹಿಮ್ಮಡಿಯ ಲಾಳವೂ ಹಳೆಯ ಕ್ರಮ. ರಬ್ಬರನ್ನು ಅಚ್ಚಿನಲ್ಲಿ ಎರೆದು ಮೇಲ್ಭಾಗಕ್ಕೆ ನೇರವಾಗಿ ಕೂಡಿಸಿದ ಅಟ್ಟೆಯಾದರೋ ಬ್ರಿಟಿಷ್ ಸೈನ್ಯಕ್ಕೆ ಬಂದದ್ದು 1950ರ ದಶಕದ ಕೊನೆಗೆ.

ಮೊಳೆಯ ಸುತ್ತ ಕಪ್ಪು ವರ್ತುಲ ಕಂಡರೆ ಅದನ್ನು ಕೊಳೆಯೆಂದು ಉಜ್ಜಬೇಡಿ. ತುಕ್ಕಿನ ಕಬ್ಬಿಣವೂ ಟ್ಯಾನಿನ್ನೂ ಕೂಡಿ ಆದ ಬಣ್ಣವದು. ಅಜ್ಜಂದಿರು ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಮಾಡುತ್ತಿದ್ದ ಶಾಯಿಯೂ ಇದೇ ರಸಾಯನ! ಕ್ರೋಮಿಯಂ ಲವಣದಿಂದ ಹದಗೊಂಡ ಚರ್ಮದ ಕತ್ತರಿಸಿದ ಅಂಚು ಸಾಮಾನ್ಯವಾಗಿ ನಸುನೀಲಿ ಬೂದಿಯಾಗಿರುತ್ತದೆ. ಆ ವಿಧಾನವನ್ನು ಮದರಾಸಿನಲ್ಲಿ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೆಳೆಸಿದ ಆಲ್ಫ್ರೆಡ್ ಚಾಟರ್ಟನ್ನರು 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾದರು. ತೊಗಟೆಯ ಹದ ಅನಂತರವೂ ನಿಲ್ಲಲಿಲ್ಲವಾದ್ದರಿಂದ, ಬಣ್ಣವೊಂದನ್ನೇ ನಂಬಿ ಇಸವಿ ಹೇಳುವುದು ದುಡುಕು.

ಮುದ್ರೆಯಲ್ಲಿ 1942 ಎಂದಿದ್ದರೆ ಬೂಟು ಹೈಫಾವನ್ನು ಕಂಡಿಲ್ಲ. ಹಾಗಾದರೆ ಎರಡನೆಯ ಯುದ್ಧಕ್ಕೆ ಮನೆಯಿಂದ ಹೋದವರು ಯಾರೆಂದು ಹಿರಿಯರನ್ನು ಮತ್ತೊಮ್ಮೆ ಕೇಳಬೇಕು.