ಗಂಡನ ಓಟು, ಹೆಂಡತಿಯ ಪ್ರಾರ್ಥನೆ

1638ರ ಮೇ ತಿಂಗಳು. ಪ್ರಾವಿಡೆನ್ಸ್ ಎಂಬ ಊರು ಹುಟ್ಟಿ ಎರಡು ವರ್ಷವಾಗಿತ್ತಷ್ಟೇ. ಅಟ್ಲಾಂಟಿಕ್ ಕಡಲಿನ ಕೊಲ್ಲಿಯೊಂದರ ತುದಿಯಲ್ಲಿ ಕಾಡು ಕಡಿದು ಕಟ್ಟಿಕೊಂಡ ಕೆಲವೇ ಮನೆಗಳು. ಆ ಮನೆಗಳ ಯಜಮಾನರು ಸಭೆ ಸೇರಿ ತಮ್ಮಲ್ಲೇ ಒಬ್ಬನಾದ ಜಾಶುವಾ ವೆರಿನ್‌ನ ವಿಚಾರಣೆಗೆ ಕೂತಿದ್ದರು. ಪಕ್ಕದ ಮನೆಯ ರೋಜರ್ ವಿಲಿಯಮ್ಸ್ ನಡೆಸುತ್ತಿದ್ದ ಪ್ರಾರ್ಥನಾ ಸಭೆಗೆ ವೆರಿನ್‌ನ ಹೆಂಡತಿ ಜೇನ್ ಪದೇಪದೇ ಹೋಗುತ್ತಿದ್ದಳು. ಅದು ಗಂಡನಿಗೆ ಹಿಡಿಸಲಿಲ್ಲ. ತಾನಂತೂ ಹೋಗುತ್ತಿರಲಿಲ್ಲ, ಅವಳನ್ನೂ ಬಿಡಲಿಲ್ಲ. ಹೊಡೆದ. ಪ್ರಾಣಕ್ಕೇ ಕುತ್ತು ಬರುವ ಹಾಗೆ ಹೊಡೆದಿದ್ದ ಎಂದು ವಿಲಿಯಮ್ಸ್ ಕಾಗದವೊಂದರಲ್ಲಿ ಬರೆದಿದ್ದಾನೆ.

ಸಭೆಯಲ್ಲಿ ವಾದ ಬಿಸಿಯೇರಿತು. ವಿಲಿಯಂ ಆರ್ನಾಲ್ಡ್ ಎಂಬ ಮಾತುಗಾರ ಎದ್ದುನಿಂತು, ಆತ್ಮಸಾಕ್ಷಿಯ ಸ್ವಾತಂತ್ರ್ಯಕ್ಕೆ ತಾನು ಒಪ್ಪಿದ್ದು ನಿಜ, ಆದರೆ ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕೆಂಬ ದೇವರ ಕಟ್ಟಳೆಯನ್ನೇ ಅದು ಮುರಿಯುತ್ತದೆಂದು ಎಣಿಸಿರಲಿಲ್ಲ ಎಂದ. ಹೆಂಡತಿಯರನ್ನು ಹೀಗೆ ಕಟ್ಟಿಹಾಕಿದರೆ ದೇಶದ ಹೆಂಗಸರೆಲ್ಲ ನಮ್ಮ ಮೇಲೆ ತಿರುಗಿಬಿದ್ದಾರು ಎಂದು ಗ್ರೀನ್ ಎಂಬಾತ ಉತ್ತರಿಸಿದ. ಆರ್ನಾಲ್ಡ್ ಬಿಡುವವನಲ್ಲ: ಮನುಷ್ಯರನ್ನು ಮೆಚ್ಚಿಸಲು ದೇವರಿಗೆ ಎದುರಾಗಲಾರೆವು ಎಂದು ತಾನೇ ನೀವು ಮ್ಯಾಸಚೂಸೆಟ್ಸ್ ಬಿಟ್ಟು ಬಂದದ್ದು, ಈಗ ಹೆಂಗಸರನ್ನು ಮೆಚ್ಚಿಸಲು ದೇವರ ಆಜ್ಞೆ ಮುರಿಯುತ್ತೀರಾ ಎಂದು ಕೇಳಿದ. ಇದೆಲ್ಲ ನಮಗೆ ಗೊತ್ತಾಗುವುದು ಮ್ಯಾಸಚೂಸೆಟ್ಸ್‌ನ ಗವರ್ನರ್ ಜಾನ್ ವಿನ್‌ಥ್ರಾಪ್‌ನ ದಿನಚರಿಯಿಂದ. ಓಡಿಹೋದವರ ಊರಿನಲ್ಲಿ ಜಗಳ ಎದ್ದಿದೆ ಎಂದು ಬರೆಯುವಾಗ ಅವನಿಗೆ ಒಳಗೊಳಗೇ ಖುಷಿಯಾಗಿರಬೇಕು.

ಸಭೆಯ ತೀರ್ಮಾನ ಹೀಗಾಯಿತು: ಆತ್ಮಸಾಕ್ಷಿಯ ಸ್ವಾತಂತ್ರ್ಯಕ್ಕೆ ಅಡ್ಡಿಪಡಿಸಿದ ವೆರಿನ್, ತಪ್ಪು ತಿದ್ದಿಕೊಳ್ಳುವವರೆಗೆ ಓಟು ಹಾಕುವಂತಿಲ್ಲ. ಹೊಡೆದದ್ದಕ್ಕಲ್ಲ, ತಡೆದದ್ದಕ್ಕೆ. ಜೇನ್‌ಗೆ ಆ ಸಭೆಯಲ್ಲಿ ಓಟಿರಲಿಲ್ಲ ಎನ್ನುವುದನ್ನೂ ಹೇಳಬೇಕು. ವೆರಿನ್ ಸಿಟ್ಟಿನಿಂದ ಊರು ಬಿಟ್ಟು ಹೆಂಡತಿಯೊಂದಿಗೆ ಮ್ಯಾಸಚೂಸೆಟ್ಸ್‌ನ ಸೇಲಂಗೆ ಮರಳಿದ. ಅಲ್ಲಿ ಚರ್ಚಿಗೆ ಬರುತ್ತಿಲ್ಲ ಎಂದು ಜೇನ್ ಮೇಲೆಯೇ ದೂರು ದಾಖಲಾಯಿತು.

ಒಬ್ಬ ಗೃಹಸ್ಥನ ಓಟನ್ನು ಧರ್ಮದ ಹೆಸರಿನಲ್ಲಿ ಕಿತ್ತುಕೊಳ್ಳುವುದು ಆ ಕಾಲಕ್ಕೆ ಹೊಸದಲ್ಲ. ನೆರೆಯ ಮ್ಯಾಸಚೂಸೆಟ್ಸ್‌ನಲ್ಲಿ ಅದೇ ಕಾನೂನು. ಆದರೆ ಅಲ್ಲಿ ಚರ್ಚಿಗೆ ಸೇರದವನಿಗೆ ಓಟಿಲ್ಲ; ಇಲ್ಲಿ ಇನ್ನೊಬ್ಬರ ಪ್ರಾರ್ಥನೆಗೆ ಅಡ್ಡಬಂದವನಿಗೆ ಓಟಿಲ್ಲ. ಎರಡೂ ಕಡೆಯವರು ಒಂದೇ ದೇಶದಿಂದ, ಒಂದೇ ಬೈಬಲ್ ಹಿಡಿದು, ಒಂದೇ ಬಗೆಯ ಕಿರುಕುಳಕ್ಕೆ ಬೇಸತ್ತು ಬಂದವರು. ಎರಡೂ ಕಡೆ ತಮ್ಮನ್ನು ತಾವೇ ಆಳಿಕೊಂಡವರು.

ಈ ಆಳಿಕೊಳ್ಳುವಿಕೆಯ ಕಥೆ ಇನ್ನೂ ಹಿಂದಿನದು. ಬಾಸ್ಟನ್ ಸುತ್ತಮುತ್ತ ನೆಲೆಸಿರುವ ಮಕ್ಕಳನ್ನು ನೋಡಲು ಹೋಗುವ ನಮ್ಮ ಊರಿನ ತಂದೆತಾಯಿಗಳನ್ನು ಒಂದು ಭಾನುವಾರ ಪ್ಲಿಮತ್ ಬಂಡೆ ತೋರಿಸಲು ಕರೆದೊಯ್ಯುವುದುಂಟು. 1620 ಎಂದು ಕೆತ್ತಿದ, ಕಂಬಗಳ ಮಂಟಪದೊಳಗಿನ ಒಂದು ಸಾಧಾರಣ ಕಲ್ಲು. ಮೇಫ್ಲವರ್ ಹಡಗಿನ ಯಾತ್ರಿಕರು ಕಾಲಿಟ್ಟದ್ದು ಇದರ ಮೇಲೆಯೇ ಎನ್ನುತ್ತಾರೆ. ಆದರೆ ಅವರ ಸಮಕಾಲೀನ ಬರಹಗಳಲ್ಲಿ ಈ ಬಂಡೆಯ ಸುದ್ದಿಯೇ ಇಲ್ಲ. ಅದು ಪ್ರಸಿದ್ಧಿಗೆ ಬಂದದ್ದು ನೂರು ವರ್ಷ ಕಳೆದ ಮೇಲೆ. ಹಡಗಿನಲ್ಲೇ ಆದ ಒಪ್ಪಂದ ಮಾತ್ರ ನಿಜ. ವರ್ಜೀನಿಯಾದ ಪರವಾನಗಿ ಹಿಡಿದು ಹೊರಟವರು ಅದರ ಎಲ್ಲೆ ದಾಟಿ ಉತ್ತರದಲ್ಲಿ ಲಂಗರು ಹಾಕಿದ್ದರಿಂದ, ಇಲ್ಲಿ ನಮ್ಮ ಮೇಲೆ ಯಾರ ಅಧಿಕಾರವೂ ನಡೆಯದು ಎಂದು ಕೆಲವರು ಗೊಣಗತೊಡಗಿದ್ದರು. ಅವರ ಬಾಯಿ ಮುಚ್ಚಿಸಲು 41 ಗಂಡಸರು ಕಾಗದವೊಂದಕ್ಕೆ ಸಹಿ ಹಾಕಿದರು. ಪ್ರಜಾಪ್ರಭುತ್ವದ ಬೀಜ ಎಂದು ಆಮೇಲೆ ಕೊಂಡಾಡಲಾದ ಆ ಕಾಗದ, ಬರೆದಾಗ ಅಂದಿನ ತಾಪತ್ರಯಕ್ಕೊಂದು ಉಪಾಯವಷ್ಟೇ.

ರಾಜ್ಯ ಕಟ್ಟುವ ಕೆಲಸ ನಿಜವಾಗಿ ನಡೆದದ್ದು ಹತ್ತು ವರ್ಷ ತಡವಾಗಿ, ಮ್ಯಾಸಚೂಸೆಟ್ಸ್ ಕೊಲ್ಲಿಯಲ್ಲಿ. ಅದರ ಮೂಲ ಒಂದು ವ್ಯಾಪಾರಿ ಕಂಪನಿ. ನಮ್ಮನ್ನು ಆಳಿದ ಈಸ್ಟ್ ಇಂಡಿಯಾ ಕಂಪನಿಯ ಹಾಗೆಯೇ ಇದಕ್ಕೂ ರಾಜನ ಸನ್ನದು, ಷೇರುದಾರರು, ಗವರ್ನರ್, ವಾರ್ಷಿಕ ಸಭೆ. ಆದರೆ 1629ರಲ್ಲಿ ಮೊದಲನೇ ಚಾರ್ಲ್ಸ್ ಕೊಟ್ಟ ಈ ಸನ್ನದಿನಲ್ಲಿ, ಕಂಪನಿಯ ಸಭೆ ಇಂಗ್ಲೆಂಡಿನಲ್ಲೇ ನಡೆಯಬೇಕು ಎಂಬ ಷರತ್ತು ಇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಯಜಮಾನರು ಲಂಡನ್ನಿನಲ್ಲೇ ಕೂತು ಗುಮಾಸ್ತರನ್ನು ಕಳಿಸಿದರೆ, ಇವರು ಸನ್ನದನ್ನೇ ಹಡಗಿಗೇರಿಸಿಕೊಂಡು ಹೊರಟರು. 1630ರಲ್ಲಿ ವಿನ್‌ಥ್ರಾಪ್ ಜೊತೆ ಸುಮಾರು ಸಾವಿರ ಮಂದಿ ಬಂದಿಳಿದ ಮೇಲೆ ಷೇರುದಾರರ ಸಭೆ ಶಾಸನಸಭೆಯಾಯಿತು, ಕಂಪನಿಯ ಗವರ್ನರ್ ನಾಡಿನ ಗವರ್ನರ್ ಆದ.

ಓಟು ಯಾರಿಗೆ ಎಂಬ ಪ್ರಶ್ನೆ ಕೂಡಲೇ ಎದುರಾಯಿತು. 1631ರ ಮೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ಸಾಮಾನ್ಯರನ್ನು ಸದಸ್ಯರಾಗಿ ಸೇರಿಸಿಕೊಂಡರು. ಅವರಲ್ಲಿ ಬಹಳ ಮಂದಿಗೆ ಒಂದು ಷೇರೂ ಇರಲಿಲ್ಲ. ಆ ಕಾಲದ ಇಂಗ್ಲೆಂಡಿನ ಹಳ್ಳಿಯಲ್ಲಿ ಇಂಥವರನ್ನು ಯಾರೂ ಅಭಿಪ್ರಾಯ ಕೇಳುತ್ತಿರಲಿಲ್ಲ. ಅದೇ ಸಭೆ ಇನ್ನೊಂದು ಠರಾವನ್ನೂ ಮಾಡಿತು: ಇನ್ನು ಮುಂದೆ ಚರ್ಚಿನ ಸದಸ್ಯರಲ್ಲದವರಿಗೆ ಈ ಹಕ್ಕಿಲ್ಲ. ಭಾನುವಾರ ಚರ್ಚಿಗೆ ಹೋಗಿ ಕೂತರೆ ಸದಸ್ಯನಾಗುವುದಿಲ್ಲ, ಹೋಗುವುದಂತೂ ಕಡ್ಡಾಯ. ದೇವರ ಕೃಪೆ ತನ್ನೊಳಗೆ ಹೇಗೆ ಇಳಿಯಿತು ಎಂಬುದನ್ನು ಸಭೆಯ ಮುಂದೆ ಹೇಳಿಕೊಳ್ಳಬೇಕು, ಕೇಳಿದವರಿಗೆ ನಂಬಿಕೆ ಬರಬೇಕು. ಈ ಪರೀಕ್ಷೆ ಮುಂದಿನ ವರ್ಷಗಳಲ್ಲಿ ಇನ್ನಷ್ಟು ಬಿಗಿಯಾಯಿತು.

ಇದನ್ನು ಪಾದ್ರಿಗಳ ರಾಜ್ಯ ಎಂದು ಕರೆಯುವ ವಾಡಿಕೆಯಿದೆ. ನನಗೆ ಅದು ಒಪ್ಪಿಗೆಯಿಲ್ಲ. ಅಲ್ಲಿ ಪಾದ್ರಿ ಸರ್ಕಾರಿ ಹುದ್ದೆ ಹಿಡಿಯುತ್ತಿರಲಿಲ್ಲ. ಮದುವೆಯನ್ನೂ ಮಾಡಿಸುತ್ತಿರಲಿಲ್ಲ, ಅದು ಮ್ಯಾಜಿಸ್ಟ್ರೇಟನ ಕೆಲಸ. ಪಾದ್ರಿಯನ್ನು ನೇಮಿಸುವುದೂ ಬಿಷಪ್ಪನಲ್ಲ, ಅವನ ಮುಂದೆ ಕೂರುವ ಜನ. 1629ರಲ್ಲಿ ಸೇಲಂನ ಸಭೆ ತನ್ನ ಪಾದ್ರಿಯನ್ನು ಆರಿಸಿಕೊಂಡದ್ದು, ಪ್ರತಿಯೊಬ್ಬ ಸದಸ್ಯನೂ ತನಗೆ ಸರಿಯೆನಿಸಿದವನ ಹೆಸರನ್ನು ಚೀಟಿಯಲ್ಲಿ ಬರೆದುಕೊಡುವ ಮೂಲಕ. ಚರ್ಚಿನಲ್ಲಿ ಕೈಗೂಡಿದ ಈ ಅಭ್ಯಾಸ ಊರಿನ ಆಡಳಿತಕ್ಕೂ ಬಂತು. ಪ್ರಾರ್ಥನೆಗೂ ಊರಿನ ಸಭೆಗೂ ಕಟ್ಟಡ ಒಂದೇ, ಬೆಂಚುಗಳೂ ಅವೇ.

1632ರಲ್ಲಿ ಕೋಟೆಬೇಲಿ ಕಟ್ಟಲು ತೆರಿಗೆ ಹಾಕಿದಾಗ ವಾಟರ್‌ಟೌನಿನವರು ಕೊಡಲೊಪ್ಪಲಿಲ್ಲ. ತಮ್ಮನ್ನು ಕೇಳದೆ ಹಾಕಿದ ತೆರಿಗೆ ಕಟ್ಟಿದರೆ ನಾವೂ ನಮ್ಮ ಮಕ್ಕಳೂ ದಾಸರಾಗುತ್ತೇವೆ ಎಂದು ಜನರನ್ನು ಎಚ್ಚರಿಸಿದವನು ಆ ಊರಿನ ಪಾದ್ರಿ ಜಾರ್ಜ್ ಫಿಲಿಪ್ಸ್. ಎರಡು ವರ್ಷದ ಮೇಲೆ ಊರುಗಳ ಪ್ರತಿನಿಧಿಗಳು ಸನ್ನದನ್ನು ಬಿಚ್ಚಿ ತೋರಿಸಿ ಎಂದು ವಿನ್‌ಥ್ರಾಪ್‌ನನ್ನು ಕೇಳಿದರು. ನೋಡಿದರೆ, ಕಾನೂನು ಮಾಡುವ ಅಧಿಕಾರ ಗವರ್ನರ್ ಮತ್ತು ಅವನ ಕೆಲವೇ ಸಹಾಯಕರಿಗಲ್ಲ, ಎಲ್ಲ ಸದಸ್ಯರ ಸಭೆಗೆ ಎಂದು ಅದರಲ್ಲೇ ಬರೆದಿತ್ತು. ಆ ವರ್ಷ ವಿನ್‌ಥ್ರಾಪ್ ಗವರ್ನರ್ ಗಾದಿ ಕಳೆದುಕೊಂಡ.

1643ರ ಕಾನೂನೊಂದು ಇನ್ನೂ ಸೊಗಸಾಗಿದೆ. ಸಹಾಯಕರ ಚುನಾವಣೆಯಲ್ಲಿ ಹೆಸರು ಕೂಗಿದಾಗ ಬೇಕು ಎನ್ನುವವನು ಒಂದು ಮೆಕ್ಕೆಜೋಳದ ಕಾಳು ಹಾಕಬೇಕು, ಬೇಡ ಎನ್ನುವವನು ಒಂದು ಹುರುಳಿಕಾಯಿಯ ಬೀಜ. ಒಂದಕ್ಕಿಂತ ಹೆಚ್ಚು ಕಾಳು ಹಾಕಿ ಸಿಕ್ಕಿಬಿದ್ದರೆ ಹತ್ತು ಪೌಂಡ್ ದಂಡ, ಆ ಕಾಲಕ್ಕೆ ಭಾರೀ ಮೊತ್ತ. ದೇವರ ಕೃಪೆ ಪಡೆದವರೆಂದು ಇಡೀ ಸಭೆಯೇ ಒಪ್ಪಿದ್ದವರ ಕೈ ಮೇಲೂ ಕಣ್ಣಿಡಬೇಕು ಎಂದು ಅವರಿಗೆ ಗೊತ್ತಿತ್ತು.

ಇಷ್ಟು ಎಚ್ಚರದ ಜನ ರೋಜರ್ ವಿಲಿಯಮ್ಸ್‌ನನ್ನು ಮಾತ್ರ ಸಹಿಸಲಿಲ್ಲ. 1631ರಲ್ಲಿ ಬಂದ ಈ ಪಾದ್ರಿಗೆ ಬಾಸ್ಟನ್ ಚರ್ಚಿನ ಕೆಲಸ ಕೈಗೆ ಬಂದಿತ್ತು. ಇಂಗ್ಲೆಂಡಿನ ಚರ್ಚಿನಿಂದ ನೀವು ಪೂರ್ತಿ ಕಡಿದುಕೊಂಡಿಲ್ಲ ಎಂದು ಬೇಡವೆಂದ. ದೇವರಿಗೆ ಮನುಷ್ಯ ಮಾಡುವ ಅಪಚಾರಕ್ಕೆ ಮ್ಯಾಜಿಸ್ಟ್ರೇಟ್ ಶಿಕ್ಷೆ ಕೊಡಕೂಡದು ಎಂದ. ಎಲ್ಲಕ್ಕಿಂತ ಕಷ್ಟದ ಮಾತು, ಮೂಲನಿವಾಸಿಗಳ ನೆಲವನ್ನು ಹಂಚಲು ಇಂಗ್ಲೆಂಡಿನ ರಾಜನಿಗೆ ಹಕ್ಕಿಲ್ಲ ಎಂದದ್ದು. ಇಡೀ ವಸಾಹತಿನ ಪತ್ರ ಆ ರಾಜನ ಸಹಿಯ ಮೇಲೆಯೇ ನಿಂತಿತ್ತು. 1635ರ ಅಕ್ಟೋಬರಿನಲ್ಲಿ ಗಡೀಪಾರಿನ ಆಜ್ಞೆಯಾಯಿತು. ಹಿಡಿದು ಇಂಗ್ಲೆಂಡಿಗೆ ಕಳಿಸುವ ಸುಳಿವು ಸಿಕ್ಕ ಕೂಡಲೇ, ಜನವರಿಯ ಹಿಮದಲ್ಲಿ ದಕ್ಷಿಣಕ್ಕೆ ನಡೆದ. ನರಗ್ಯಾನ್‌ಸೆಟ್ ಕೊಲ್ಲಿಯ ಕಡೆ ಹೋಗು ಎಂದು ಗುಟ್ಟಾಗಿ ಸಲಹೆ ಕೊಟ್ಟವನು ವಿನ್‌ಥ್ರಾಪ್. ಇಬ್ಬರೂ ಆಮೇಲೂ ಪತ್ರ ಬರೆದುಕೊಂಡರು.

ನರಗ್ಯಾನ್‌ಸೆಟ್ ಮುಖಂಡರಾದ ಕನಾನಿಕಸ್ ಮತ್ತು ಮಿಯಾಂಟನೋಮಿ ಅವನಿಗೆ ನೆಲ ಕೊಟ್ಟರು. ಆಮೇಲೆ ಬಂದು ಸೇರಿದ ಹದಿಮೂರು ಜನ ಸಹಿ ಹಾಕಿದ ಊರಿನ ಒಪ್ಪಂದ ನಾಲ್ಕಾರು ಸಾಲಿನದು. ಬಹುಮತದ ತೀರ್ಮಾನಕ್ಕೆ ತಲೆಬಾಗುತ್ತೇವೆ, ಆದರೆ ಲೌಕಿಕ ವಿಷಯಗಳಲ್ಲಿ ಮಾತ್ರ ಎನ್ನುವುದು ಅದರ ತಿರುಳು. ಆ ‘ಮಾತ್ರ’ದ ಬಲದಿಂದಲೇ 1638ರಲ್ಲಿ ಜೇನ್ ವೆರಿನ್ ಪರ ತೀರ್ಪಾದದ್ದು.

ಉದಾರಿ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಸೌಮ್ಯ ಮುಖ ವಿಲಿಯಮ್ಸ್‌ನದಲ್ಲ. ಪ್ರಾವಿಡೆನ್ಸ್‌ನಲ್ಲಿ ಬ್ಯಾಪ್ಟಿಸ್ಟ್ ಸಭೆ ಕಟ್ಟಿ ಕೆಲವೇ ತಿಂಗಳಲ್ಲಿ ಅದನ್ನೂ ಬಿಟ್ಟ. ಕ್ವೇಕರ್ ಪಂಥದವರ ಮಾತು ಅವನಿಗೆ ಮೈ ಉರಿಸುತ್ತಿತ್ತು. 1672ರಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ತಾನೇ ದೋಣಿಗೆ ಹುಟ್ಟು ಹಾಕುತ್ತ ನ್ಯೂಪೋರ್ಟ್ ಊರಿಗೆ ಹೋಗಿ ಅವರೊಡನೆ ದಿನಗಟ್ಟಲೆ ವಾದ ಮಾಡಿದ, ಆಮೇಲೆ ಅವರ ಗುರು ಜಾರ್ಜ್ ಫಾಕ್ಸ್‌ನನ್ನು ಹಳಿದು ಪುಸ್ತಕವನ್ನೂ ಬರೆದ. ಆದರೆ ಅವರನ್ನು ಊರಿನಿಂದ ಓಡಿಸಿ ಎಂದು ಒಮ್ಮೆಯೂ ಹೇಳಲಿಲ್ಲ. ಅವರ ಮಾತು ಪೂರ್ತಿ ತಪ್ಪು, ತಪ್ಪು ನಂಬುವವನನ್ನು ಸರ್ಕಾರ ಮುಟ್ಟಕೂಡದು: ಈ ಎರಡನ್ನೂ ಒಟ್ಟಿಗೆ ಹಿಡಿದು ಬಾಳುವುದು ಸುಲಭವಲ್ಲ.

ಹಾಗೆಂದು ಆತ್ಮಸಾಕ್ಷಿಯ ಹೆಸರು ಹೇಳಿ ಎಲ್ಲದರಿಂದ ಜಾರಿಕೊಳ್ಳಲೂ ಅವನು ಬಿಡಲಿಲ್ಲ. ಸರ್ಕಾರವೇ ಬೇಡ, ದಂಡಿಸುವುದೇ ಪಾಪ ಎಂದು ಊರಿನಲ್ಲಿ ಕೆಲವರು ಹೇಳತೊಡಗಿದಾಗ, 1655ರ ಪತ್ರದಲ್ಲಿ ಹಡಗಿನ ಉಪಮೆ ಕೊಟ್ಟ. ಹಡಗಿನಲ್ಲಿ ಕ್ಯಾಥೊಲಿಕರು, ಪ್ರೊಟೆಸ್ಟೆಂಟರು, ಯಹೂದಿಗಳು, ಮುಸಲ್ಮಾನರು ಎಲ್ಲರೂ ಇದ್ದಾರೆ. ಹಡಗಿನ ಪ್ರಾರ್ಥನೆಗೆ ಬರಲೇಬೇಕೆಂದು ಯಾರನ್ನೂ ಎಳೆಯುವಂತಿಲ್ಲ, ಅವರವರ ಪ್ರಾರ್ಥನೆಗೆ ಅಡ್ಡಬರುವಂತೆಯೂ ಇಲ್ಲ. ಆದರೆ ಹಡಗು ಯಾವ ದಿಕ್ಕಿಗೆ ಸಾಗಬೇಕೆಂದು ಹೇಳುವವನು ಕಪ್ತಾನ. ಬಾಡಿಗೆ ಕೊಡದವನನ್ನು, ದಂಗೆ ಎಬ್ಬಿಸುವವನನ್ನು ಅವನು ಶಿಕ್ಷಿಸಬಹುದು.

ಎರಡು ದಾರಿಗಳ ಅಂತರ ಕಣ್ಣಿಗೆ ಹೊಡೆಯುವಂತೆ ಕಂಡದ್ದು ಕ್ವೇಕರುಗಳ ವಿಷಯದಲ್ಲಿ. 1657ರಲ್ಲಿ ನೆರೆಯ ವಸಾಹತುಗಳು ಅವರನ್ನು ಹೊರಹಾಕಿ ಎಂದು ಪ್ರಾವಿಡೆನ್ಸ್, ನ್ಯೂಪೋರ್ಟ್ ಊರುಗಳು ಸೇರಿದ್ದ ರೋಡ್ ಐಲೆಂಡ್ ವಸಾಹತಿನ ಮೇಲೆ ಒತ್ತಡ ತಂದವು. ಮಾತಿಗಾಗಿ ಶಿಕ್ಷಿಸುವ ಕಾನೂನು ನಮ್ಮಲ್ಲಿಲ್ಲ, ಮೇಲಾಗಿ ಅಡ್ಡಿಯಿಲ್ಲದ ಕಡೆಗೆ ಬರಲು ಅವರಿಗೇ ಅಷ್ಟು ಆಸೆಯಿಲ್ಲ ಎಂದು ಉತ್ತರ ಹೋಯಿತು. ತುಂಟತನ ಬೆರೆತ ಉತ್ತರ, ಆದರೆ ನಿಜ. ನ್ಯೂಪೋರ್ಟ್‌ನಲ್ಲಿ ನೆಮ್ಮದಿಯಾಗಿ ಬದುಕಬಹುದಿದ್ದ ಮೇರಿ ಡಯರ್ ಎಂಬ ಕ್ವೇಕರ್ ಹೆಂಗಸು, ಬಂದರೆ ಗಲ್ಲು ಎಂದು ಗೊತ್ತಿದ್ದೂ ಬಾಸ್ಟನ್‌ಗೆ ಮತ್ತೆಮತ್ತೆ ಹೋದಳು. 1660ರ ಜೂನ್ 1ರಂದು ಅವಳನ್ನು ನೇಣಿಗೇರಿಸಿದರು. ಹಾಗೆ ಬಾಸ್ಟನ್‌ನಲ್ಲಿ ನೇಣುಗಂಬ ಏರಿದ ಕ್ವೇಕರುಗಳು ನಾಲ್ವರು. ಅದು ನಿಂತದ್ದು ಜೋಳದ ಕಾಳು ಎಣಿಸುವ ಸಭೆಯಿಂದಲ್ಲ, ಲಂಡನ್ನಿನಿಂದ ಬಂದ ಎರಡನೇ ಚಾರ್ಲ್ಸ್‌ನ ಆಜ್ಞೆಯಿಂದ. ತಮ್ಮನ್ನು ತಾವೇ ಆಳಿಕೊಳ್ಳುವವರ ಕೈಯಿಂದ ನಾಲ್ವರ ಜೀವ ಹೋಯಿತು. ಮುಂದಿನವರನ್ನು ಉಳಿಸಲು ರಾಜನೇ ಬೇಕಾಯಿತು. 1691ರಲ್ಲಿ ಬಂದ ಹೊಸ ಸನ್ನದು ಮ್ಯಾಸಚೂಸೆಟ್ಸ್‌ನ ಓಟನ್ನು ಚರ್ಚಿನಿಂದ ಬಿಡಿಸಿ ಆಸ್ತಿಗೆ ಕಟ್ಟಿತು. ಅದೂ ಲಂಡನ್ನಿನದೇ ಕೆಲಸ.

ರೋಡ್ ಐಲೆಂಡಿನ ಕಡೆ ಬೆರಳು ತೋರಿಸಿ ನಿಟ್ಟುಸಿರು ಬಿಡುವುದೂ ಕಷ್ಟ. 1675ರಲ್ಲಿ ಮೂಲನಿವಾಸಿಗಳೊಡನೆ ಯುದ್ಧ ಹತ್ತಿತು, ಮರುವರ್ಷ ಪ್ರಾವಿಡೆನ್ಸ್ ಉರಿದುಹೋಯಿತು. ಸೆರೆಸಿಕ್ಕ ಮೂಲನಿವಾಸಿಗಳನ್ನು ಜೀತಕ್ಕೆ ಮಾರುವ ವ್ಯವಸ್ಥೆ ನೋಡಿಕೊಂಡ ಸಮಿತಿಯಲ್ಲಿ ವಿಲಿಯಮ್ಸ್ ಕೂಡ ಇದ್ದ. ಅವರ ಭಾಷೆ ಕಲಿತು ಅದರ ಬಗ್ಗೆ 1643ರಲ್ಲೇ ಪುಸ್ತಕ ಬರೆದವನು, ಅವರ ನೆಲದ ಹಕ್ಕಿಗಾಗಿ ಗಡೀಪಾರಾದವನು.

ಅವನು ತೀರಿಹೋದ ಮೇಲೆ ಕಾನೂನುಗಳೂ ಮೆಲ್ಲಗೆ ಬದಲಾದವು. 1719ರಲ್ಲಿ ಅಚ್ಚಾದ ರೋಡ್ ಐಲೆಂಡಿನ ಕಾನೂನು ಸಂಗ್ರಹದಲ್ಲಿ ಓಟು ಕ್ರೈಸ್ತರಿಗೆ ಮಾತ್ರ, ಅದರಲ್ಲೂ ಕ್ಯಾಥೊಲಿಕರಿಗಿಲ್ಲ ಎಂಬ ಸಾಲು ಸೇರಿಕೊಂಡಿತ್ತು. 1762ರಲ್ಲಿ ನ್ಯೂಪೋರ್ಟ್‌ನ ಯಹೂದಿ ವರ್ತಕ ಆರನ್ ಲೋಪೆಜ್ ಪ್ರಜೆಯಾಗಲು ಅರ್ಜಿ ಹಾಕಿದಾಗ, ರೋಡ್ ಐಲೆಂಡಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅವನು ಗಡಿ ದಾಟಿ ಹೋಗಿ ಅದೇ ವರ್ಷ ಪ್ರಜೆಯಾದ. ಒಪ್ಪಿಕೊಂಡದ್ದು ಮ್ಯಾಸಚೂಸೆಟ್ಸ್.