ಸರ್ಟಿಫಿಕೇಟ್ ಆಮೇಲೆ ಕೇಳಿ, ಮೊದಲು ಕುರ್ಚಿ ಕೊಡಿ

ಪತ್ರಿಕೋದ್ಯಮಕ್ಕೆ ಬರುವ ಮೊದಲು ನಾನು ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಎಂಜಿನಿಯರ್. ನಮ್ಮ ಟೀಮಲ್ಲಿ ಒಬ್ಬಳಿದ್ದಳು. ಎಡಗಡೆಯಿಂದ ಕರೆದರೆ ತಿರುಗ್ತಾನೇ ಇರಲಿಲ್ಲ. ಜಂಭ ಅಂದ್ಕೊಂಡ್ವಿ. ಅಪ್ರೈಸಲ್‌ನಲ್ಲಿ 'ಮೀಟಿಂಗ್‌ಗಳಲ್ಲಿ ಗಮನವಿಲ್ಲ' ಎಂದು ಬರೆದರು. ಕೆಲಸ ಬಿಡುವ ದಿನ ಹೇಳಿದಳು: ಎಡಗಿವಿ ಕೇಳಿಸೋದೇ ಇಲ್ಲ.

ಮೊದಲೇ ಹೇಳಿದ್ದರೆ? 'ಸರ್ಟಿಫಿಕೇಟ್ ಇದೆಯಾ' ಅಂತಿದ್ವೇನೋ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ನ್ಯೂನತೆಗಳಿವೆ. ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಹಿಮೋಫಿಲಿಯಾದಂಥ ಹೊರಗೆ ಕಾಣದವೂ ಸೇರಿವೆ. ಆದರೆ ಶ್ರವಣದೋಷ ಎನಿಸಿಕೊಳ್ಳಲು ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬೆಲ್ ನಷ್ಟವಿರಬೇಕು. ಒಂದೇ ಕಿವಿಯ ತೊಂದರೆ ಆ ಲೆಕ್ಕಕ್ಕಿಲ್ಲ.

ಇಲ್ಲೇ ನಾವು ಎರಡು ವಿಷಯ ಕಲಸಿಬಿಡ್ತೀವಿ. ಸರ್ಕಾರಿ ಹುದ್ದೆಗಳ 4% ಮೀಸಲಾತಿಗೆ ಕನಿಷ್ಠ 40% ನ್ಯೂನತೆಯ ಪ್ರಮಾಣಪತ್ರ ಬೇಕು, ಸರಿ. ಅಡ್ಡಿ ನಿವಾರಿಸುವ ಅನುಕೂಲಕ್ಕೆ ಆ ಗೆರೆ ಇಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುತ್ತಿದ್ದ ಯುಪಿಎಸ್‌ಸಿ ಅಭ್ಯರ್ಥಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ್ದು ಇದನ್ನೇ: 40% ಇಲ್ಲವೆಂದು ಪರೀಕ್ಷೆ ಬರೆದುಕೊಡುವವರ ನೆರವನ್ನು ನಿರಾಕರಿಸುವಂತಿಲ್ಲ.

ನನ್ನ ಸಹೋದ್ಯೋಗಿಗೆ ಬೇಕಿದ್ದದ್ದು ಮೀಟಿಂಗ್ ಟೇಬಲ್ಲಿನ ಎಡತುದಿಯ ಕುರ್ಚಿ, ಎಲ್ಲರೂ ಬಲಗಿವಿಯ ಕಡೆ ಇರೋ ಹಾಗೆ. ಒಂದು ರೂಪಾಯಿ ಖರ್ಚಿರಲಿಲ್ಲ. ಏನು ಬೇಕು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.