ರಾತ್ರಿ ಊಟ ಬಿಟ್ಟರೆ ಸಾಕೇ?



ಅರವತ್ತು ದಾಟಿದ ಮೇಲೆ ನಮ್ಮಲ್ಲಿ ಅನೇಕರು ಮೊದಲು ಮಾಡುವ ಕೆಲಸ ರಾತ್ರಿ ಊಟ ಬಿಡುವುದು. "ವಯಸ್ಸಾಯ್ತು, ಹೊಟ್ಟೆ ಹಗುರ ಇರಲಿ" ಎಂಬ ಮಾತು ಕಾಸರಗೋಡಿನ ಗಂಜಿಯ ಮನೆಯಲ್ಲೂ ಉಂಟು, ಸೊಲ್ಲಾಪುರದ ರೊಟ್ಟಿಯ ಮನೆಯಲ್ಲೂ ಉಂಟು. ಅದರಲ್ಲಿ ಅರ್ಧ ಸತ್ಯವಿದೆ.

ವಯಸ್ಸಾದಂತೆ ಸ್ನಾಯು ಕರಗಿ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಆಗ ಸಕ್ಕರೆಯನ್ನು ಜೀವಕೋಶದೊಳಗೆ ಬಿಡುವ ಇನ್ಸುಲಿನ್ ಹಾರ್ಮೋನಿನ ಮಾತನ್ನು ದೇಹ ಸರಿಯಾಗಿ ಕೇಳುವುದಿಲ್ಲ. ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಸ್ವಲ್ಪ ಇನ್ಸುಲಿನ್ನೇ ಸಾಕಾಗುತ್ತದೆ. ಇದು ನಿಜವಾದ ಲಾಭ. ಆದರೆ ಜೊತೆಗೆ ಲೆಪ್ಟಿನ್ ಎಂಬ ಹಾರ್ಮೋನೂ ಇಳಿದು ಹಸಿವು ಹೆಚ್ಚುತ್ತದೆ. ಥೈರಾಯ್ಡಿನ ಟಿ3 ಇಳಿಯುತ್ತದೆ. ಮಳೆ ಬಾರದ ವರ್ಷ ಮನೆಯಾಕೆ ಖರ್ಚು ಬಿಗಿಹಿಡಿಯುವಂತೆ ದೇಹವೂ ಶಕ್ತಿಯ ಖರ್ಚು ಬಿಗಿಹಿಡಿಯುತ್ತದೆ.

ವ್ಯಾಯಾಮದ ದಾರಿ ಬೇರೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೇ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದೆ. ವ್ಯಾಯಾಮ ಮುಗಿದ ಮೇಲೂ ಸುಮಾರು ಒಂದು ದಿನ ಅದು ಇನ್ಸುಲಿನ್‌ಗೆ ಚೆನ್ನಾಗಿ ಓಗೊಡುತ್ತದೆ. ಭಾನುವಾರ ಮಾತ್ರ ನಡೆದರೆ ಬುಧವಾರಕ್ಕೆ ಏನೂ ಉಳಿಯದಿರುವುದು ಇದಕ್ಕೇ.

2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. 65 ವರ್ಷ ದಾಟಿದ, ಬೊಜ್ಜಿದ್ದ 107 ಮಂದಿಯನ್ನು ಒಂದು ವರ್ಷ ನೋಡಿದರು. ಪಥ್ಯ ಮಾತ್ರ ಮಾಡಿದವರ ತೂಕ ಶೇ. 10ರಷ್ಟು ಇಳಿಯಿತು; ಪಥ್ಯದ ಜೊತೆ ವ್ಯಾಯಾಮ ಮಾಡಿದವರದು ಶೇ. 9. ತಕ್ಕಡಿ ನೋಡಿದರೆ ಇಬ್ಬರೂ ಒಂದೇ. ಒಳಗೆ ನೋಡಿದರೆ, ಪಥ್ಯದವರು ಕೊಬ್ಬಲ್ಲದ ದೇಹಭಾಗದಲ್ಲಿ ಶೇ. 5, ಸೊಂಟದ ಮೂಳೆಯ ಸಾಂದ್ರತೆಯಲ್ಲಿ ಸುಮಾರು ಶೇ. 3 ಕಳೆದುಕೊಂಡಿದ್ದರು. ಎರಡನ್ನೂ ಮಾಡಿದವರಿಗೆ ಆದ ನಷ್ಟ ಶೇ. 3 ಮತ್ತು 1 ಮಾತ್ರ. ನಡಿಗೆ, ಏಳುವುದು, ಮೆಟ್ಟಿಲು ಹತ್ತುವುದು ಇವೆಲ್ಲದರಲ್ಲಿ ಹೆಚ್ಚು ಸುಧಾರಿಸಿದವರೂ ಅವರೇ. ವ್ಯಾಯಾಮ ಮಾತ್ರ ಮಾಡಿದವರ ತೂಕ ಇಳಿಯಲಿಲ್ಲ, ಆದರೂ ಕಸುವು ಹೆಚ್ಚಿತು. ಅವರ ವ್ಯಾಯಾಮದಲ್ಲಿ ನಡಿಗೆಯಷ್ಟೇ ಅಲ್ಲ, ಭಾರ ಎತ್ತುವುದೂ ಇತ್ತು.

ಮನೆಯಲ್ಲಿ ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದೂ ಸ್ನಾಯುವಿಗೆ ದುಡಿಮೆಯೇ. ಊಟ ತಗ್ಗಿಸುವವರು ಅನ್ನ, ಮುದ್ದೆ, ರೊಟ್ಟಿಯಲ್ಲಿ ತಗ್ಗಿಸಲಿ. ಬೇಳೆ, ಕಾಳು, ಮೊಸರಿನಲ್ಲಿ ಬೇಡ. ಈಗಾಗಲೇ ತೆಳ್ಳಗಿರುವ ಹಿರಿಯರು ಊಟ ಬಿಡಲೇಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಏಕಾದಶಿ ಉಪವಾಸವನ್ನೂ ಹಿಡಿಯಬೇಡಿ. ರಾತ್ರಿ ನಿದ್ದೆಯಲ್ಲೇ ಸಕ್ಕರೆ ಕುಸಿದರೆ ಪಕ್ಕದಲ್ಲಿದ್ದವರಿಗೂ ಗೊತ್ತಾಗುವುದಿಲ್ಲ.